ನೆರಳಿನ ಅಳತೆ

ರಸಮಟ್ಟದಣ್ಣ ಎಂಬ ಹೆಸರು ಅವನಿಗೆ ಅಂಟಿಕೊಂಡದ್ದು ಮದುವೆಗೂ ಮುಂಚೆ. ಹೆಂಡತಿಯಾಗಬೇಕಿದ್ದವಳ ಮನೆಗೆ ಮೊದಲ ಸಲ ಹೋದಾಗ, ಎಲ್ಲರೂ ಅವನ ಬಾಯಿಂದ ಎರಡು ಮಾತು ಉದುರಲಿ ಎಂದು ಕಾಯುತ್ತಿದ್ದರೆ, ಅವನ ಕಣ್ಣು ಮಾತ್ರ ಗೋಡೆಯ ಮೇಲಿದ್ದ ಅವಳ ಅಜ್ಜನ ಫೋಟೋದ ಮೇಲೆ ನೆಟ್ಟಿತ್ತು. ಫೋಟೋ ಕೂದಲೆಳೆಯಷ್ಟು ಎಡಕ್ಕೆ ವಾಲಿತ್ತು. ಸ್ವಲ್ಪ ಹೊತ್ತು ತಡೆದುಕೊಂಡ. ಆಮೇಲೆ ಆಗಲಿಲ್ಲ. ಎದ್ದು ಹೋಗಿ, ಅಂಗಿ ಜೇಬಿನಿಂದ ಪುಟ್ಟ ರಸಮಟ್ಟ ತೆಗೆದು ಚೌಕಟ್ಟಿನ ಮೇಲಿಟ್ಟ. ಗಾಜಿನ ಕೊಳವೆಯೊಳಗಿನ ಗುಳ್ಳೆ ನಟ್ಟನಡುವೆ ಬಂದು ನಿಲ್ಲುವವರೆಗೂ ಅಜ್ಜನನ್ನು ಇಷ್ಟಿಷ್ಟೇ ತಿರುಗಿಸಿ, ಬಂದು ಕೂತುಕೊಂಡ. ಅತ್ತೆಯಾಗಬೇಕಿದ್ದವರು ಒಳಗೆ ಹೋಗಿ, "ಹುಡುಗನ ತಲೆ ಸರಿ ಇದೆಯೋ ಇಲ್ವೋ ಗೊತ್ತಿಲ್ಲ, ಗೋಡೆಯಂತೂ ಸರಿ ಮಾಡಿದ" ಎಂದು ನಕ್ಕರಂತೆ. ಮಾತು ಅಡುಗೆಮನೆಯಿಂದ ಬೀದಿಗೆ ಬಂತು. ಬೀದಿಗೆ ಬಂದ ಮೇಲೆ ಇನ್ನೇನು, ಹೆಸರೇ ಆಗಿಹೋಯಿತು.

ಅವನ ವರ್ಕ್‌ಶಾಪು ಬಸ್ ಸ್ಟಾಪಿನ ಹಿಂದಿನ ಗಲ್ಲಿಯಲ್ಲಿ. ಗೇಟು, ಕಿಟಕಿಯ ಗ್ರಿಲ್ಲು, ಮೆಟ್ಟಿಲಿನ ಕಂಬಿ, ಅಂಗಡಿಯ ಶಟರು, ಕಬ್ಬಿಣದ್ದು ಎಂದರೆ ಊರಿನವರು ಮೊದಲು ಹೋಗುವುದು ಅಲ್ಲಿಗೇ. ಒಳಗೆ ಕಾಲಿಟ್ಟರೆ ಪೈಪುಗಳು ದಪ್ಪದಿಂದ ಸಣ್ಣಕ್ಕೆ ಸಾಲಾಗಿ ಒರಗಿರುತ್ತವೆ. ವೆಲ್ಡಿಂಗ್ ಕಡ್ಡಿಗಳು ಥಂಡಿ ಹಿಡಿಯದಂತೆ ಮುಚ್ಚಳದ ಡಬ್ಬಿಯಲ್ಲಿರುತ್ತವೆ. ಪೊರಕೆಗೂ ಗೋಡೆಯಲ್ಲಿ ಅದರದೇ ಮೊಳೆ. ಅವನು ಮಾಡಿದ ಗೇಟನ್ನು ಒಂದೇ ಬೆರಳಿನಿಂದ ತಳ್ಳಿದರೂ ಸಾಕು, ಹೋಗಿ ಕೊಂಡಿಗೆ ಕೂತುಕೊಳ್ಳುತ್ತದೆ.

ಬಣ್ಣ ಬಳಿಯುವುದು ಹೆಂಡತಿಯ ಕೆಲಸ. ಬಳಿಯುವ ಮೊದಲು ಅವಳು ಒಂದು ಹಳೆಯ ಹತ್ತಿಬಟ್ಟೆಯನ್ನು ಕಬ್ಬಿಣದ ಮೇಲೆಲ್ಲ ಎಳೆಯುತ್ತಾಳೆ. ಎಲ್ಲಾದರೂ ಒಂದು ನೂಲು ಸಿಕ್ಕಿಕೊಂಡರೆ ಅಲ್ಲಿ ಮುಳ್ಳು ಇದೆ ಎಂದರ್ಥ, ಅವನು ಮತ್ತೆ ಗ್ರೈಂಡರ್ ಹಿಡಿಯಬೇಕು. ನೂಲು ಸಿಕ್ಕಿಕೊಂಡ ದಿನ ಅವಳಿಗೆ ಎಲ್ಲಿಲ್ಲದ ಖುಷಿ. "ಬನ್ನಿ ಬನ್ನಿ, ನಿಮ್ಮ ಗೇಟು ನನ್ನ ಬಟ್ಟೆ ಹಿಡ್ಕೊಂಡು ಬಿಡ್ತಾ ಇಲ್ಲ" ಎಂದು ಗಲ್ಲಿಗೆಲ್ಲ ಕೇಳುವಂತೆ ಕೂಗುತ್ತಾಳೆ.

ಇಷ್ಟು ನೆಟ್ಟಗಿನ ಮನುಷ್ಯನನ್ನು ಸಾಕಿ ಬೆಳೆಸಿದವಳು ಅವನ ಅಕ್ಕ. ಹತ್ತು ವರ್ಷ ದೊಡ್ಡವಳು. ತಾಯಿ ಇಲ್ಲದ ಮನೆ. ಅಪ್ಪ ನಾಲ್ಕು ರಸ್ತೆ ಕೂಡುವ ಮೂಲೆಯಲ್ಲಿ, ಒಂದು ದೊಡ್ಡ ಮರದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಛತ್ರಿ ರಿಪೇರಿ ಮಾಡುತ್ತಿದ್ದವನು. ಅಪ್ಪನಿಗೆ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದೆ ಹೋದಾಗ ಹುಡುಗಿ ಆ ಪೆಟ್ಟಿಗೆಯ ಹಿಂದೆ ಕೂತಳು. ಕೂತವಳು ಏಳಲಿಲ್ಲ. ಮುರಿದ ಕಡ್ಡಿ ಬದಲಿಸುವುದು, ಬಟ್ಟೆ ಹೊಲಿಯುವುದು, ಚೀಲದ ಜಿಪ್ಪು ಹಾಕುವುದು, ಇಷ್ಟರಲ್ಲೇ ಅಪ್ಪನ ಔಷಧಿ, ತಮ್ಮನ ಊಟ, ತಮ್ಮನ ಸ್ಕೂಲು. ಸ್ಕೂಲಿನಲ್ಲಿ ತಮ್ಮ ಮಾಡುತ್ತಿದ್ದುದೇನು? ಪುಸ್ತಕದ ತುಂಬ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದ. ಗೆರೆಯ ಮೇಲೆ ಏನೂ ಬರೆಯುತ್ತಿರಲಿಲ್ಲ. ಕೊನೆಗೆ ಅಕ್ಕನೇ ಅವನ ಕೈ ಹಿಡಿದುಕೊಂಡು ಹೋಗಿ ಒಬ್ಬ ವೆಲ್ಡಿಂಗ್ ಮೇಸ್ತ್ರಿಯ ಮುಂದೆ ನಿಲ್ಲಿಸಿ, "ಇವನಿಗೆ ಅಕ್ಷರ ಹತ್ತಲ್ಲ, ಗೆರೆ ಹತ್ತುತ್ತೆ, ನೋಡಿ" ಎಂದಳು. ಮೇಸ್ತ್ರಿ ನೋಡಿದ. ಗೆರೆ ಹತ್ತಿತು.

ಈಗ ತಮ್ಮನಿಗೆ ಐವತ್ತು ದಾಟಿದೆ, ತಲೆ ಬೆಳ್ಳಗಾಗಿದೆ, ಅಕ್ಕನಿಗೆ ಅವನು ಇನ್ನೂ ಪುಟ್ಟನೇ. ದಿನಾ ಸಂಜೆ ಆ ಮೂಲೆಗೆ ಹೋಗಿ ಅವಳ ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಮನೆಗೆ ತಲುಪಿಸುತ್ತಾನೆ. ದಾರಿಯಲ್ಲಿ ಇಬ್ಬರೂ ಹೆಚ್ಚು ಮಾತಾಡುವುದಿಲ್ಲ. ಅಕ್ಕನ ಮೇಲೆ ತನಗೆ ಪ್ರಾಣ ಎಂದು ಅವನು ಬಾಯಿಬಿಟ್ಟು ಹೇಳಿದ್ದನ್ನು ಕೇಳಿದವರಿಲ್ಲ, ಆದರೆ ಆ ಪೆಟ್ಟಿಗೆಯನ್ನು ಬೇರೆಯವರು ಮುಟ್ಟಲಿ ನೋಡೋಣ!

ಆ ಮರದ ಕೆಳಗೆ ಅಕ್ಕನ ಜೊತೆ ಇನ್ನಿಬ್ಬರು ಇದ್ದರು. ಒಂದು ಕುರ್ಚಿ, ಒಂದು ಕನ್ನಡಿಯ ಕ್ಷೌರದವನು, ಮತ್ತು ಬೀಗದ ಕೀ ಮಾಡಿಕೊಡುವ ಮುದುಕ. ಒಂದು ಮಧ್ಯಾಹ್ನ ಜೋರು ಗಾಳಿ ಎದ್ದು, ಒಳಗೆಲ್ಲ ಟೊಳ್ಳಾಗಿದ್ದ ಮರ ರಸ್ತೆಗೆ ಅಡ್ಡವಾಗಿ ಮಲಗಿಬಿಟ್ಟಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ, ಕ್ಷೌರದವನ ಕನ್ನಡಿ ಒಂದು ಹೋಯಿತು. ಪುರಸಭೆಯವರು ಬಂದು ಮರ ಕತ್ತರಿಸಿ ಸಾಗಿಸಿದರು, ಬೇರು ತೆಗೆದರು, ಮೂಲೆಗೆಲ್ಲ ಚಪ್ಪಡಿ ಹಾಸಿದರು. ಇನ್ನೊಂದು ಸಸಿ ನೆಡಿ ಎಂದರೆ, ಕೆಳಗೆ ಊರಿಗೆ ನೀರು ಹೋಗುವ ಪೈಪಿದೆ, ಅದರ ಮೇಲೆ ಬೇರು ಬಿಡುವಂತಿಲ್ಲ ಎಂದರು. ಅದೂ ನಿಜವೇ.

ಚಪ್ಪಡಿ ಹಾಸಿದ ಮೇಲೆ ಮೂಲೆ ನೋಡಲು ಚೆನ್ನಾಗಿತ್ತು, ಕೂರಲು ಕಾದ ಹೆಂಚಿನಂತಿತ್ತು. ಅಕ್ಕ ಕೂತಳು. ರಿಪೇರಿಗೆ ಬಂದ ಛತ್ರಿಯನ್ನೇ ಬಿಚ್ಚಿ ತಲೆಯ ಮೇಲೆ ಕಟ್ಟಿಕೊಳ್ಳುತ್ತಿದ್ದಳು. ಆದರೆ ಛತ್ರಿಯ ಯಜಮಾನರು ಬಂದು ತಮ್ಮ ಛತ್ರಿ ತೆಗೆದುಕೊಂಡು ಹೋದರೆ ಅಕ್ಕನ ನೆರಳೂ ಅವರ ಹಿಂದೆಯೇ ನಡೆದುಹೋಗುತ್ತಿತ್ತು. "ನನ್ನ ಕೆಲಸ ಬೇಗ ಆದಷ್ಟೂ ನಂಗೇ ಬಿಸಿಲು" ಎಂದು ಅವಳೇ ನಗುತ್ತಿದ್ದಳು. ನಗುತ್ತಿದ್ದವಳು ಒಂದು ದಿನ ಸೂಜಿ ಕೈಯಲ್ಲಿರುವಾಗಲೇ ಕಣ್ಣು ಕತ್ತಲಿಟ್ಟು ಮುಂದಕ್ಕೆ ಬಿದ್ದಳು. ಕ್ಷೌರದವನು ನೀರು ಚಿಮುಕಿಸಿ ಎಬ್ಬಿಸಿದ. ಸುದ್ದಿ ಕೇಳಿ ರಸಮಟ್ಟದಣ್ಣ ವೆಲ್ಡಿಂಗ್ ಕನ್ನಡಕ ಹಣೆಯ ಮೇಲಿದ್ದ ಹಾಗೆಯೇ ಓಡಿಬಂದ.

"ಅಕ್ಕಾ, ಸಾಕು. ನನ್ನ ವರ್ಕ್‌ಶಾಪಿನ ಬಾಗಿಲಲ್ಲಿ ಕೂತ್ಕೋ. ತಗಡು ಇದೆ, ಫ್ಯಾನ್ ಇದೆ."

"ಆ ಗಲ್ಲಿಗೆ ಛತ್ರಿ ಹಿಡ್ಕೊಂಡು ಯಾರೋ ಬರ್ತಾರೆ ಪುಟ್ಟ? ನಾನು ಇಲ್ಲಿದೀನಿ ಅಂತ ಊರಿಗೆ ಗೊತ್ತು. ಈ ಬೇಸಿಗೆ ಒಂದು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಪೆಟ್ಟಿಗೆ ಮುಚ್ಚಿ ಅಟ್ಟದ ಮೇಲೆ ಇಡ್ತೀನಿ."

ಆ ಮಾತು ಅವನ ಎದೆಗೆ ನಾಟಿತು. ಆ ಪೆಟ್ಟಿಗೆ ಅಟ್ಟ ಹತ್ತಿದರೆ ಅಕ್ಕ ಹಾಸಿಗೆ ಹಿಡಿಯುತ್ತಾಳೆ ಎಂದು ಅವನಿಗೆ ಖಾತ್ರಿಯಿತ್ತು. ಅವಳ ಊರೆಲ್ಲ ಆ ಮೂಲೆಯೇ. ಮರುದಿನವೇ ನಾಲ್ಕು ಕಾಲು ನೆಟ್ಟು, ಮೇಲೊಂದು ತಗಡು ಹೊದಿಸಿ ಬಂದ. ಅದರ ಮಾರನೇ ದಿನ ಪುರಸಭೆಯ ಲಾರಿ ಬಂದು ಅದನ್ನು ಎತ್ತಿಕೊಂಡು ಹೋಯಿತು. ಆ ಮೂಲೆಯಲ್ಲಿ ಶೆಡ್ ಕಟ್ಟುವಂತಿಲ್ಲ, ಯಾರಿಗೂ ಇಲ್ಲ.

ಆಗ ದಾರಿ ತೋರಿಸಿದವರು ಡ್ರಾಯಿಂಗ್ ಮೇಷ್ಟ್ರು. ಪಕ್ಕದ ರಸ್ತೆಯ ಸ್ಕೂಲಿನಲ್ಲಿ ಚಿತ್ರ ಕಲಿಸುವವರು, ಬೆರಳುಗಳಲ್ಲಿ ಯಾವಾಗಲೂ ಬಣ್ಣ. ಯಾವುದೋ ತಿರುಪು ಸರಿ ಮಾಡಿಸಲು ವರ್ಕ್‌ಶಾಪಿಗೆ ಬಂದವರು ಕತೆಯನ್ನೆಲ್ಲ ಕೇಳಿ, ಗಲ್ಲ ಕೆರೆದುಕೊಂಡು, "ಶೆಡ್ ಕಟ್ಟೋ ಹಾಗಿಲ್ಲ, ಸರಿ. ಶಿಲ್ಪ ನಿಲ್ಲಿಸಬಹುದಲ್ಲ?" ಎಂದರು. ಒಂದೊಂದು ಮೂಲೆಗೂ ಒಂದೊಂದು ಶಿಲ್ಪ ಬೇಕು, ಬೀದಿಯವರೇ ಸೇರಿ ಮಾಡಿದರೆ ಒಳ್ಳೆಯದು ಎಂದು ಪುರಸಭೆಯೇ ಆಗ ಸಾರಿತ್ತು. "ಶಿಲ್ಪಕ್ಕೆ ನೆರಳು ಇರಬಾರದು ಅಂತ ಯಾರೂ ಹೇಳಿಲ್ಲ. ಕಬ್ಬಿಣದ ಮರ ಮಾಡೋಣ ಅಣ್ಣಾ."

ಅಂಥ ಉತ್ಸಾಹವನ್ನು ಆ ಬೀದಿ ಅದಕ್ಕೆ ಮುಂಚೆ ನೋಡಿರಲಿಲ್ಲ. ಮನೆಮನೆಯಿಂದ ಕಬ್ಬಿಣ ಬಂತು. ಮುರಿದ ಗೇಟು, ಸೈಕಲ್ ರಿಮ್ಮು, ತಿರುಗದ ಫ್ಯಾನು, ತಳ ಹೋದ ಬಾಣಲೆ. ಮೇಷ್ಟ್ರು ದೊಡ್ಡ ಹಾಳೆಯ ಮೇಲೆ ಇದ್ದಿಲಿನಲ್ಲಿ ಮರ ಬರೆದುಕೊಟ್ಟರು. ಕಾಂಡ ತಿರುಚಿಕೊಂಡು, ಕೊಂಬೆಗಳು ಮನಸ್ಸಿಗೆ ಬಂದ ಕಡೆಗೆ ಚಾಚಿಕೊಂಡು, ಚೆನ್ನಾಗಿಯೇ ಇತ್ತು. ರಸಮಟ್ಟದಣ್ಣ ಅದನ್ನು ಗೌರವದಿಂದ ಗೋಡೆಗೆ ಅಂಟಿಸಿದ. ಮೇಷ್ಟ್ರು ಅವಸರದಲ್ಲಿ ಬರೆದಿದ್ದಾರೆ, ಪಾಪ, ಕೈ ಅಲ್ಲಲ್ಲಿ ಅಲುಗಿದೆ, ಇರಲಿ ನಾನೇ ಸರಿ ಮಾಡಿಕೊಳ್ಳುತ್ತೇನೆ ಎಂದುಕೊಂಡ.

ಸರಿ ಮಾಡಿದ. ಕಾಂಡವನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿದ. ಎಡಕ್ಕೆ ನಾಲ್ಕು ಕೊಂಬೆ, ಬಲಕ್ಕೆ ನಾಲ್ಕು ಕೊಂಬೆ, ಎಲ್ಲವೂ ಒಂದೇ ಉದ್ದ, ಒಂದೇ ಅಂತರ, ಮೂಲೆಮಟ್ಟಕ್ಕೆ ಕರಾರುವಾಕ್ಕು. ಎಲೆಗಳನ್ನು ತಗಡಿನಲ್ಲಿ ಕತ್ತರಿಸಿ ಕಿಟಕಿಯ ಗ್ರಿಲ್ಲಿನಂತೆ ಸಾಲಾಗಿ ಕೂರಿಸಿದ. ಬೆಸುಗೆ ಎಲ್ಲಿದೆ ಎಂದು ಭೂತಗನ್ನಡಿ ಹಿಡಿದರೂ ಕಾಣದಂತೆ ಉಜ್ಜಿದ. ಹೆಂಡತಿಯ ಬಟ್ಟೆಗೆ ಒಂದು ನೂಲೂ ಸಿಗಲಿಲ್ಲ. ಆಗಲೇ ಅವಳಿಗೆ ಏನೋ ಅನುಮಾನ ಬಂದಿತ್ತು, ಆದರೆ ಗಂಡನ ಮುಖದ ಕಳೆ ನೋಡಿ ಬಾಯಿಗೆ ಬೀಗ ಹಾಕಿಕೊಂಡಳು.

ಒಪ್ಪಿಗೆ ಕೊಡುವ ಮೊದಲು ಒಮ್ಮೆ ನೋಡಬೇಕೆಂದು ಪುರಸಭೆಯ ಇಂಜಿನಿಯರಮ್ಮ ವರ್ಕ್‌ಶಾಪಿಗೆ ಬಂದರು. ಬೀದಿಯೆಲ್ಲ ಸೇರಿತು. ಹೊದಿಸಿದ್ದ ಟಾರ್ಪಾಲು ಎಳೆದ ಮೇಲೆ ಎಲ್ಲರೂ ಕುತ್ತಿಗೆ ಎತ್ತಿ ಕೊಂಬೆ ಎಣಿಸತೊಡಗಿದರು. ಕ್ಷೌರದವನಿಗೆ ಮಾತ್ರ ಬಾಯಿ ಸುಮ್ಮನಿರದು.

"ಅಣ್ಣಾ, ಇದು ಯಾವ್ಯಾವ ಚಾನೆಲ್ ಹಿಡಿಯುತ್ತೆ?"

ನಗು ಕಟ್ಟೆಯೊಡೆಯಿತು. ಹಳೆಯ ಕಾಲದ ಟಿವಿ ಆಂಟೆನಾ ಹೇಗಿರುತ್ತಿತ್ತೋ ಥೇಟ್ ಹಾಗೆಯೇ ಇತ್ತು, ಹತ್ತು ಪಟ್ಟು ದೊಡ್ಡದು ಅಷ್ಟೇ. ಕೀ ಮುದುಕ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. ಇಂಜಿನಿಯರಮ್ಮ ನಗಲಿಲ್ಲ, ಅದೇ ಹೆಚ್ಚು ನೋವಾದದ್ದು.

"ಕೆಲಸ ಅಚ್ಚುಕಟ್ಟಾಗಿದೆ, ಅದರಲ್ಲಿ ಎರಡು ಮಾತಿಲ್ಲ" ಎಂದರು. "ಆದ್ರೆ ಇದು ಒಂಟಿ ಕಂಬದ ಶೆಡ್ಡು. ಇದನ್ನ ಶಿಲ್ಪ ಅಂತ ನಾನು ಒಪ್ಪಿದ್ರೆ ನಾಳೆ ನನ್ನ ಮಾತು ಯಾರು ಕೇಳ್ತಾರೆ? ತಿಂಗಳ ಕೊನೇಲಿ ಮತ್ತೆ ಬರ್ತೀನಿ. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ರೆಡಿ ಇರೋದು ಒಂದನ್ನ ತಂದು ಇಡಿಸ್ತಾರೆ. ಫೈಬರ್ ಡಾಲ್ಫಿನ್."

ಡಾಲ್ಫಿನ್! ಸಮುದ್ರ ನೋಡಬೇಕಾದರೆ ರಾತ್ರಿಯಿಡೀ ರೈಲಿನಲ್ಲಿ ಕೂರಬೇಕಾದ ಊರಿಗೆ ಡಾಲ್ಫಿನ್. ಅದರ ಕೆಳಗೆ ಯಾರು ಕೂರುತ್ತಾರೆ?

ಎಲ್ಲರೂ ಹೋದ ಮೇಲೆ ಅಕ್ಕ ಹತ್ತಿರ ಬಂದಳು. ಬೀದಿಯವರಲ್ಲಿ ಅವಳೊಬ್ಬಳೇ ನಕ್ಕಿರಲಿಲ್ಲ. "ನಂಗೋಸ್ಕರ ಇಷ್ಟು ಒದ್ದಾಡಬೇಡ ಪುಟ್ಟ. ವಯಸ್ಸಾಯ್ತು, ಎಷ್ಟು ದಿನ ಅಂತ ಕೂರೋದು? ಪೆಟ್ಟಿಗೆ ಮುಚ್ಚಿದ್ರಾಯ್ತು" ಎಂದಳು. ಅವಮಾನವನ್ನಾದರೂ ಅವನು ನುಂಗಿಕೊಂಡಿದ್ದ, ಈ ಸಮಾಧಾನವನ್ನು ನುಂಗಲಾಗಲಿಲ್ಲ. ಗ್ರೈಂಡರ್ ಕೈಗೆತ್ತಿಕೊಂಡ. ನೂಲು ಸಿಗದ ಹಾಗೆ ಉಜ್ಜಿದ್ದ ಎಂಟೂ ಕೊಂಬೆಗಳನ್ನು ಒಂದೊಂದಾಗಿ ಕತ್ತರಿಸಿ ಕೆಳಗೆ ಕೆಡವಿದ. ಹೆಂಡತಿ ಅವನ್ನು ಎತ್ತಿ ಗೋಡೆಗೆ ಒರಗಿಸುತ್ತ ಹೋದಳು, ಉದ್ದದಿಂದ ಗಿಡ್ಡಕ್ಕೆ ಜೋಡಿಸಲು ಹೋಗಲಿಲ್ಲ, ಎಲ್ಲವೂ ಒಂದೇ ಉದ್ದ ಇದ್ದವಲ್ಲ.

ಕತ್ತರಿಸುವುದೇನೋ ಸುಲಭ. ಆಮೇಲೆ? "ಮನಸ್ಸು ಬಿಟ್ಟು ಬಗ್ಗಿಸು ಅಣ್ಣಾ, ಕೈ ಹೋದ ಹಾಗೆ ಹೋಗ್ಲಿ" ಎಂದರು ಮೇಷ್ಟ್ರು. ಅವನು ಪೈಪಿಗೆ ಮರಳು ತುಂಬಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಒಂದು ಕೊಂಬೆ ಬಗ್ಗಿಸಿದ. ಮರಳಿಲ್ಲದೆ ಬಗ್ಗಿಸಿದರೆ ಪೈಪು ಹೊಟ್ಟೆ ಒಳಗೆ ಎಳೆದುಕೊಂಡು ಚಪ್ಪಟೆಯಾಗುತ್ತದೆ. ಕೊಂಬೆ ಸೊಗಸಾಗಿ ಸೊಟ್ಟಗೆ ಬಂತು. ಇನ್ನೊಂದು ಬಗ್ಗಿಸಿದ. ಹೆಂಡತಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ ನೆಲದ ಮೇಲೆ ಕೂತು ನಗತೊಡಗಿದಳು. ಮೊದಲನೆಯದು ಎಡಕ್ಕೆ ಎಷ್ಟು ಸೊಟ್ಟವೋ ಎರಡನೆಯದು ಬಲಕ್ಕೆ ಅಷ್ಟೇ ಸೊಟ್ಟ. "ಸೊಟ್ಟಾನೂ ಜೋಡಿ ಮಾಡಿ ಇಟ್ಟಿದ್ದೀರಲ್ರೀ! ನಿಮ್ಮ ಕೈಗೆ ಏನು ಹೇಳೋದು?"

"ನನಗೆ ಅಳತೆ ಕೊಡಿ ಮೇಷ್ಟ್ರೇ" ಎಂದು ಅವನು ಅಂಗಲಾಚಿದ. "ಅಳತೆ ಇಲ್ದೆ ನನ್ನ ಕೈ ಏಳಲ್ಲ."

"ಮರಕ್ಕೆ ಯಾರಪ್ಪಾ ಅಳತೆ ಕೊಟ್ಟಿದ್ರು?" ಎಂದು ಮೇಷ್ಟ್ರು ಕೈಚೆಲ್ಲಿದರು.

ಅವನು ಪಟ್ಟು ಬಿಡುವ ಜಾತಿಯಲ್ಲ. ದಿನವೂ ಒಂದು ಕೊಂಬೆ ಬಗ್ಗಿಸುವುದು, ನೋಡುವುದು, ಕತ್ತರಿಸುವುದು. ಹೀಗೇ ಒಂದು ದಿನ ತಲೆ ಕೆಟ್ಟು, ಮಧ್ಯಾಹ್ನವೇ ವರ್ಕ್‌ಶಾಪು ಬಿಟ್ಟು ಅಕ್ಕನ ಮೂಲೆಗೆ ಹೋಗಿ ಪಕ್ಕದ ಅಂಗಡಿಯ ಮೆಟ್ಟಿಲೊಂದರ ಮೇಲೆ ಕೂತ. ಅಕ್ಕ ಬಿಸಿಲಿನಲ್ಲೇ ಯಾರದೋ ಛತ್ರಿಗೆ ಕಡ್ಡಿ ಕಟ್ಟುತ್ತಿದ್ದಳು. ಕಟ್ಟುತ್ತ ಕಟ್ಟುತ್ತ, ಕಣ್ಣು ಕೆಲಸದ ಮೇಲಿದ್ದಂತೆಯೇ, ಕೂತಿದ್ದ ಸ್ಟೂಲನ್ನು ಎರಡು ಗೇಣು ಎಡಕ್ಕೆ ಸರಿಸಿಕೊಂಡಳು. ಪೆಟ್ಟಿಗೆಯನ್ನೂ ಕಾಲಿನಿಂದ ತಳ್ಳಿಕೊಂಡಳು. ಅಲ್ಲೂ ಅದೇ ಬಿಸಿಲು.

"ಯಾಕೆ ಸರಿದೆ ಅಕ್ಕಾ?"

"ನೆರಳು ಈ ಕಡೆ ಬಂತಲ್ಲೋ..." ಎಂದವಳು ತಲೆಯೆತ್ತಿ ಖಾಲಿ ಆಕಾಶ ನೋಡಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ನನ್ನ ಬುದ್ಧಿಗಿಷ್ಟು."

ಅವನು ದಡಕ್ಕನೆ ಎದ್ದು ನಿಂತ. ಆಚೆ ಕ್ಷೌರದವನ ಕಡೆ ನೋಡಿದರೆ, ಆ ಮಹಾರಾಯನೂ ಮಾತಾಡುತ್ತಾ ಮಾತಾಡುತ್ತಾ ಕುರ್ಚಿಯನ್ನು ಗಿರಾಕಿಯ ಸಮೇತ ಎಡಕ್ಕೆ ಎಳೆಯುತ್ತಿದ್ದಾನೆ. ಕೀ ಮುದುಕ ಆಗಲೇ ಸರಿದು ಕೂತಾಗಿತ್ತು. ಮರ ಹೋಗಿತ್ತು, ಅದರ ನೆರಳು ಈ ಮೂವರ ಮೈಯೊಳಗೆ ದಿನಾ ಸರಿದಾಡುತ್ತಲೇ ಇತ್ತು. ರಸಮಟ್ಟದಣ್ಣ ಕಿವಿಗೆ ಸಿಕ್ಕಿಸಿದ್ದ ಸೀಮೆಸುಣ್ಣ ತೆಗೆದು ಅಕ್ಕನ ಕೈಗೆ ಕೊಟ್ಟ.

"ಎಲ್ಲಿಗೆ ಬಂತು? ಬರೆದು ತೋರಿಸು. ಬೆಳಗ್ಗೆ ಎಲ್ಲಿತ್ತು, ಮಧ್ಯಾಹ್ನ ಎಲ್ಲಿ, ಸಂಜೆ ಎಲ್ಲಿ. ನಂಗೆ ಮರ ಬೇಡ, ನೆರಳು ಬರೆದುಕೊಡು."

ಮರುದಿನ ಬೆಳಗಿನಿಂದ ಸಂಜೆಯವರೆಗೂ ಆ ಚಪ್ಪಡಿಗಳ ಮೇಲೆ ನೆರಳು ಬರೆಯುವ ಕೆಲಸ ನಡೆಯಿತು. ಅಕ್ಕ ಬಗ್ಗಿ ಬಗ್ಗಿ ಬರೆದಳು: ಬೆಳಗ್ಗೆ ಪೋಸ್ಟ್ ಡಬ್ಬಿಯ ಪಕ್ಕ ಒಂದು ಉದ್ದನೆಯ ತುಂಡು, ನಡುಮಧ್ಯಾಹ್ನ ತನ್ನ ಕಾಲ ಬುಡದಲ್ಲಿ ದಟ್ಟಗೆ, ಅಲ್ಲೊಂದು ಇಲ್ಲೊಂದು ಬಿಸಿಲಿನ ತೂತು. ಕೀ ಮುದುಕ ತನ್ನ ಪಾಲಿನದನ್ನು ಚಿಕ್ಕದಾಗಿ, ಪ್ರಾಮಾಣಿಕವಾಗಿ ಬರೆದ. ಕ್ಷೌರದವನು ಮಾತ್ರ ರಸ್ತೆಯ ಅರ್ಧದವರೆಗೂ ಎಳೆದುಕೊಂಡು ಹೋದ.

"ಏಯ್, ನಿಲ್ಲಿಸು" ಎಂದಳು ಅಕ್ಕ. "ಅಷ್ಟು ನೆರಳು ನಿಂಗೆ ಯಾವತ್ತಿತ್ತು? ನಿನ್ನ ಗಿರಾಕಿಯ ಒಂದು ಕಿವಿ ಯಾವಾಗ್ಲೂ ಬಿಸಿಲಲ್ಲೇ ಇರ್ತಿತ್ತು."

"ಹೇಗೂ ಹೊಸದು ಮಾಡ್ತಿದೀವಲ್ಲ ಅಕ್ಕಾ, ಎರಡೂ ಕಿವಿಗೆ ಮಾಡ್ಸೋಣ ಅಂತ!"

ಎರಡನೇ ಕಿವಿಗೂ ನೆರಳು ಮಂಜೂರಾಯಿತು. ಕೊನೆಯಲ್ಲಿ, ಸ್ಕೂಲು ಬಿಡುವ ಹೊತ್ತಿಗೆ, ಅಕ್ಕ ತನ್ನ ಪೆಟ್ಟಿಗೆಯ ಹಿಂದೆ, ಗೋಡೆಯ ಪಕ್ಕ, ಒಂದು ಸಣ್ಣ ತುಂಡು ಬರೆದಳು. ಅಲ್ಲಿ ಯಾರೂ ಕೂರುತ್ತಿರಲಿಲ್ಲ.

"ಇದು ಯಾರಿಗೆ?"

"ಇತ್ತು, ಬರೆದೆ. ಹಾಕು ಅಂದ್ರೆ ಹಾಕು."

ಚೀಲ ಇಡಲು ಇರಬೇಕು ಎಂದುಕೊಂಡು ಅವನು ಮುಂದಿನ ಕೆಲಸಕ್ಕೆ ಕೈಹಾಕಿದ. ಉದ್ದನೆಯ ಕೋಲಿನ ತುದಿಗೆ ಒಂದು ಅಗಲವಾದ ತಗಡು ಕಟ್ಟಿ ಹೆಂಡತಿಯ ಕೈಗೆ ಕೊಟ್ಟ. ಅವಳು ಅದನ್ನು ಎತ್ತಿ ಹಿಡಿದು ಮುಂದೆ ಹಿಂದೆ ನಡೆಯಬೇಕು, ತಗಡಿನ ನೆರಳು ಸೀಮೆಸುಣ್ಣದ ಗೆರೆಯೊಳಗೆ ಸರಿಯಾಗಿ ಬಿದ್ದ ಕೂಡಲೇ ಅವನು "ನಿಲ್ಲು!" ಎನ್ನಬೇಕು, ಏಣಿ ಹತ್ತಿ ತೂಗುಗುಂಡು ಬಿಟ್ಟು, ನೆಲದಿಂದ ಎಷ್ಟು ಎತ್ತರ, ಕಾಂಡ ನಿಲ್ಲಬೇಕಾದ ಜಾಗದಿಂದ ಎಷ್ಟು ದೂರ ಎಂದು ಅಳೆಯಬೇಕು. ಬಸ್ಸಿಗೆ ಕಾಯುವವರು ಬಸ್ಸು ಬಿಟ್ಟು ಇದನ್ನೇ ನೋಡುತ್ತ ನಿಂತರು. "ಏನಮ್ಮಾ, ಸೂರ್ಯನ್ನ ಹಿಡಿಯೋಕೆ ಹೊರಟಿದ್ದೀರಾ?" ಎಂದು ಒಬ್ಬ ಕೇಳಿದರೆ ಹೆಂಡತಿ, "ನನ್ನ ಗಂಡಂಗೆ ಅವನೂ ಸ್ವಲ್ಪ ವಾಲಿದಾನೆ ಅನ್ಸಿದೆ" ಎಂದಳು.

ಈಗ ಅವನ ಕೈ ಎದ್ದಿತು. ಅಳತೆ ಹೇಳುವವರು ಸಿಕ್ಕಿದ್ದರಲ್ಲ. ಇಂಥ ಜಾಗದಿಂದ ಹೊರಟು ಇಂಥ ಎತ್ತರದಲ್ಲಿ ಇಂಥ ಬಿಂದು ಮುಟ್ಟಬೇಕು ಎಂದರೆ ಪೈಪು ಹೇಗೆ ಬಾಗಬೇಕೋ ಹಾಗೆ ಬಾಗಿತು. ಒಂದು ಕೊಂಬೆ ಕೀ ಮುದುಕನಿಗಾಗಿ ಕುತ್ತಿಗೆ ಚಾಚಿತು, ಒಂದು ಕ್ಷೌರದವನ ಗಿರಾಕಿಯ ಎರಡನೇ ಕಿವಿಗಾಗಿ ಮೊಣಕೈ ಮಡಚಿತು. ಯಾವುದೂ ಇನ್ನೊಂದರಂತಿರಲಿಲ್ಲ, ಎಲ್ಲವೂ ಅಳತೆಗೆ ಸರಿಯಾಗಿದ್ದವು. ಮೇಷ್ಟ್ರು ಬಂದು ಸುತ್ತ ಒಂದು ಸುತ್ತು ಹಾಕಿ, ಗೋಡೆಯ ಮೇಲಿದ್ದ ತಮ್ಮ ಚಿತ್ರವನ್ನು ತಾವೇ ಕಿತ್ತು ಸುರುಳಿ ಸುತ್ತಿಕೊಂಡರು. ಎಲೆಗಳನ್ನು ಹೇಗೆ ಚೆದುರಿಸಬೇಕೆಂದು ತೋರಿಸುತ್ತ ದಿನವೂ ಸ್ಕೂಲು ಮುಗಿಸಿ ಬಂದು ಅವನ ಜೊತೆ ನಿಂತರು. ಅವರಿಲ್ಲದಿದ್ದರೆ ಎಲೆಗಳು ಮತ್ತೆ ಸಾಲು ಕಟ್ಟುತ್ತಿದ್ದುದರಲ್ಲಿ ಅನುಮಾನವಿಲ್ಲ.

ಉಳಿದದ್ದು ಒಂದೇ ಕೊಂಬೆ, ಪೆಟ್ಟಿಗೆಯ ಹಿಂದಿನ ಆ ಸಣ್ಣ ತುಂಡಿನದು. ಅದು ಎಲ್ಲದರಿಂದ ಬೇರೆಯಾಗಿ, ತಗ್ಗಿನಲ್ಲಿ, ಗೋಡೆಯ ಕಡೆಗೆ ಉದ್ದಕ್ಕೆ ಹೋಗಬೇಕಿತ್ತು. ಅದನ್ನು ಕೂರಿಸಿದರೆ ಮರದ ಭಾರವೆಲ್ಲ ಒಂದೇ ಪಕ್ಕಕ್ಕೆ ಎಳೆಯುತ್ತಿತ್ತು. ಅವನು ಎರಡು ಸಲ ಸಣ್ಣ ಬೆಸುಗೆಯ ಟಾಕಿ ಹಾಕಿ, ಎರಡು ಸಲ ಬಿಚ್ಚಿದ. ತಿಂಗಳ ಕೊನೆ ಹತ್ತಿರ ಬರುತ್ತಿತ್ತು. ಮೇಷ್ಟ್ರೂ, "ಅದೊಂದನ್ನ ಬಿಟ್ಟುಬಿಡಿ ಅಣ್ಣಾ, ಯಾರಿಗೂ ಗೊತ್ತಾಗಲ್ಲ" ಎಂದರು. ಸಂಜೆ ಪೆಟ್ಟಿಗೆ ಹೊತ್ತುಕೊಂಡು ಹೋಗುವಾಗ ಅವನು ಮೆಲ್ಲಗೆ ಮಾತು ತೆಗೆದ.

"ಅಕ್ಕಾ, ಆ ಸಣ್ಣದೊಂದು ಬಿಡೋಣ. ಚೀಲ ಇಡೋಕೆ ಬೇರೆ ಏನಾದ್ರೂ ಮಾಡಿಕೊಡ್ತೀನಿ."

ಅಕ್ಕ ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟಳು. "ಅದಿಲ್ಲ ಅಂದ್ರೆ ನಂಗೆ ಮರವೇ ಬೇಡ ಪುಟ್ಟ" ಎಂದಳು. ಜೀವಮಾನದಲ್ಲಿ ಒಂದು ಲೋಟ ನೀರನ್ನೂ ಹಟ ಮಾಡಿ ಕೇಳಿದವಳಲ್ಲ. ಅವನು ಯಾಕೆ ಎಂದು ಕೇಳದೆ ಪೆಟ್ಟಿಗೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.

ಬೇಕು ಎಂದಳಲ್ಲ, ಮುಗಿಯಿತು. ಭಾರ ಒಂದು ಕಡೆ ಎಳೆಯುವುದಾದರೆ ಕಾಂಡ ಇನ್ನೊಂದು ಕಡೆಗೆ ವಾಲಬೇಕು, ಬೇರೆ ದಾರಿಯಿಲ್ಲ. ಮರುದಿನ ಬೆಳಗ್ಗೆ ಅವನು ಕಾಂಡವನ್ನು ಬುಡದಲ್ಲೇ ಕತ್ತರಿಸಿ, ಹೆಂಡತಿಯ ಕೈಯಲ್ಲಿ ಹಗ್ಗ ಎಳೆಸಿ, ವಾಲಿಸಿ ನಿಲ್ಲಿಸಿದ. ವಾಲಿದ ಕಾಂಡಕ್ಕೆ ಎಲ್ಲ ಕೊಂಬೆಗಳ ಬುಡವನ್ನೂ ಮತ್ತೆ ಅಳೆದು ಕೂರಿಸಿದ. ಕೆಳಗೆ ದಪ್ಪ ತಗಡಿನ ಪಾದ, ಅದಕ್ಕೆ ಬೆರಳು ಗಾತ್ರದ ಬೋಲ್ಟುಗಳು. ಎಲ್ಲ ಆದ ಮೇಲೆ ಅಭ್ಯಾಸಬಲದಿಂದ ಜೇಬಿನ ರಸಮಟ್ಟ ತೆಗೆದು ಕಾಂಡಕ್ಕೆ ಹಿಡಿದ. ಗುಳ್ಳೆ ಓಡಿಹೋಗಿ ತುದಿಗೆ ಅಂಟಿಕೊಂಡಿತು. ಹೆಂಡತಿ ಬಣ್ಣದ ಡಬ್ಬಿ ಹಿಡಿದು ನೋಡುತ್ತಿದ್ದಳು. ಅವನು ಗುಳ್ಳೆಯನ್ನು ನೋಡಿದ, ಮೇಲಿನ ಕೊನೆಯ ಕೊಂಬೆಯನ್ನು ನೋಡಿದ, ರಸಮಟ್ಟವನ್ನು ಜೇಬಿಗೆ ಹಾಕಿಕೊಂಡ. "ಬಣ್ಣ ಬಳಿ" ಎಂದ.

ಮರವನ್ನು ಮೂಲೆಗೆ ಸಾಗಿಸಿ ನಿಲ್ಲಿಸಿದ ದಿನ ಇಂಜಿನಿಯರಮ್ಮ ಬಂದದ್ದು ಸುಡುಸುಡುವ ಮಧ್ಯಾಹ್ನ. ಜೀಪಿನಿಂದ ಇಳಿದವರು ನೇರ ಬಂದು ಮರದ ಸುತ್ತಲೂ ನಡೆದರು. ಬುಡದ ಬೋಲ್ಟುಗಳನ್ನು ಕೈಯಿಂದ ಅಲುಗಿಸಿ ನೋಡಿದರು. ಅವರ ಜೊತೆ ಬಂದ ಇಬ್ಬರು ದಾಂಡಿಗರು ಹಗ್ಗ ಕಟ್ಟಿ ಜಗ್ಗಿದರು, ಮರ ಜಪ್ಪಯ್ಯ ಎನ್ನಲಿಲ್ಲ. ರಸಮಟ್ಟದಣ್ಣ ಅವರ ಹಿಂದೆ ಹಿಂದೆಯೇ ನಡೆದ. ಅಕ್ಕ ದೂರದಲ್ಲಿ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು, ಇನ್ನೂ ಬಿಸಿಲಿನಲ್ಲೇ, ಒಪ್ಪಿಗೆ ಸಿಗದೆ ಒಳಗೆ ಕಾಲಿಡುವುದಿಲ್ಲ ಎಂದು.

"ವಾಲಿದೆಯಲ್ಲ?" ಎಂದರು ಇಂಜಿನಿಯರಮ್ಮ.

"ಹೌದು ಮೇಡಂ. ಬೇಕಂತಲೇ."

ಕ್ಷೌರದವನು ಕೆಮ್ಮಿ ಬಾಯಿ ತೆರೆಯಲು ಹೊರಟವನು ರಸಮಟ್ಟದಣ್ಣನ ಹೆಂಡತಿಯ ಕಣ್ಣು ನೋಡಿ ಮುಚ್ಚಿಕೊಂಡ. ಇಂಜಿನಿಯರಮ್ಮ ಹಣೆಯ ಬೆವರು ಒರೆಸುತ್ತ ತಲೆಯೆತ್ತಿ ನೋಡಿದರು. ನೋಡುತ್ತ ನೋಡುತ್ತ ಎರಡು ಹೆಜ್ಜೆ ಹಿಂದೆ ಸರಿದು, ತಮಗೇ ಗೊತ್ತಿಲ್ಲದಂತೆ ನೆರಳಿಗೆ ಬಂದು ನಿಂತಿದ್ದರು. ಗೊತ್ತಾದ ಮೇಲೆ ನಕ್ಕರು. ಮೊದಲ ಸಲ ನಕ್ಕದ್ದು.

"ಇದು ಮರ" ಎಂದರು. "ಡಾಲ್ಫಿನ್ ಬೇರೆ ಮೂಲೆಗೆ ಹೋಗ್ಲಿ ಬಿಡಿ. ಶಿಲ್ಪದ ಬುಡದಲ್ಲಿ ಜನ ಕೂತ್ರೆ ಬೇಡ ಅನ್ನೋ ನಿಯಮ ನನ್ನ ಹತ್ರ ಇಲ್ಲ. ಅಮ್ಮಾ, ಬಿಸಿಲಲ್ಲಿ ಯಾಕೆ ನಿಂತಿದ್ದೀರಿ? ಬನ್ನಿ."

ಬೀದಿಯೇ ಹೋ ಎಂದಿತು. ಅಕ್ಕ ಬಂದು ತನ್ನ ಜಾಗದಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ನೆರಳು ಅವಳ ಕಾಲ ಬುಡದಲ್ಲಿ ದಟ್ಟಗೆ ಬಿದ್ದಿತ್ತು, ಅಲ್ಲೊಂದು ಇಲ್ಲೊಂದು ಬಿಸಿಲಿನ ತೂತು. ಅವಳು ತಲೆಯೆತ್ತಿ ಕೊಂಬೆಗಳನ್ನು ಒಂದೊಂದಾಗಿ ನೋಡಿ, ಪರಿಚಯದವರನ್ನು ಕಂಡಂತೆ ತಲೆಯಾಡಿಸಿ, ಸೂಜಿಗೆ ದಾರ ಪೋಣಿಸಿದಳು. ರಸಮಟ್ಟದಣ್ಣನಿಗೆ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ. ಕ್ಷೌರದವನು ಕುರ್ಚಿ ಎಳೆದುಕೊಂಡ ಹಾಗೆಲ್ಲ ನೆರಳೂ ಸರಿಯಾಗಿ ಅಲ್ಲಿಗೇ ಬರುತ್ತಿದೆಯೇ ಎಂದು ನೋಡುತ್ತ, ಗೋಡೆಗೆ ಒರಗಿ ನಿಂತೇ ಇದ್ದ. ಬರುತ್ತಿತ್ತು.

ಸ್ಕೂಲು ಬಿಡುವ ಹೊತ್ತಾಯಿತು. ಪೆಟ್ಟಿಗೆಯ ಹಿಂದೆ, ಗೋಡೆಯ ಪಕ್ಕ, ಆ ಸಣ್ಣ ನೆರಳು ಮೆಲ್ಲಗೆ ಬಂದು ಚಪ್ಪಡಿಯ ಮೇಲೆ ಮಲಗಿತು. ಚೀಲವನ್ನೇನೂ ಅಕ್ಕ ಅಲ್ಲಿಡಲಿಲ್ಲ.

"ಇಷ್ಟೆಲ್ಲ ಒದ್ದಾಡಿಸಿ ಈಗ ಖಾಲಿ ಬಿಟ್ಟಿದೀಯಲ್ಲ ಅಕ್ಕಾ" ಎಂದ ಅವನು. "ಯಾರ ಜಾಗ ಅದು?"

ಅಕ್ಕ ಹೊಲಿಗೆಯಿಂದ ಕಣ್ಣೆತ್ತಲಿಲ್ಲ. "ಚಿಕ್ಕೋನಿದ್ದಾಗ ಸ್ಕೂಲಿಂದ ಬಂದು ಪುಸ್ತಕ ತಲೆಗಿಟ್ಕೊಂಡು ಅಲ್ಲೇ ಮಲಗ್ತಿದ್ದೆ. ನಾನು ಪೆಟ್ಟಿಗೆ ಮುಚ್ಚೋ ತನಕ ಏಳ್ತಿರ್ಲಿಲ್ಲ" ಎಂದಳು. "ನಿಂದೇ ಕಣೋ. ಕೂತ್ಕೋ ಬಾ ಪುಟ್ಟ, ಬೆಳಗ್ಗಿಂದ ನಿಂತೇ ಇದೀಯ."

ಅವನು ಜೇಬಿನಲ್ಲಿ ಚುಚ್ಚುತ್ತಿದ್ದ ರಸಮಟ್ಟವನ್ನು ತೆಗೆದು ಅಕ್ಕನ ಪೆಟ್ಟಿಗೆಯ ಮೇಲಿಟ್ಟು, ಗೋಡೆಗೆ ಬೆನ್ನು ಕೊಟ್ಟು ಆ ನೆರಳಿನಲ್ಲಿ ಕೂತ. ಅದು ಅಳತೆಗೆ ಸ್ವಲ್ಪ ಚಿಕ್ಕದಾಗಿತ್ತು, ಕಾಲು ಮಡಚಿಕೊಂಡ.